ಏನೂ ಇಲ್ಲದ ಕಡೆಗೆ ಬುತ್ತಿ ಕಟ್ಟಿಕೊಂಡು

ಮನೆಮಂದಿಯೆಲ್ಲ ಕೂಡಿ ಹೊರಟರೆ ಹೋದ ಕಡೆ ನೋಡುವುದಕ್ಕೆ ಏನಾದರೂ ಇರಲೇಬೇಕು ಎಂಬುದು ನಮ್ಮ ಕಡೆಯ ನಿಯಮ. ದೇವಸ್ಥಾನವಿದ್ದರೆ ಉತ್ತಮ, ಜಲಪಾತವಾದರೆ ಮಧ್ಯಮ, ಅಣೆಕಟ್ಟಾದರೂ ಅಡ್ಡಿಯಿಲ್ಲ. ಏನೂ ಇಲ್ಲವೆಂದರೆ ಸುಟ್ಟ ಜೋಳ ಮಾರುವವನಾದರೂ ನಿಂತಿರಬೇಕು. ಬರಿಯ ಬಯಲು ನೋಡಲು ಮಕ್ಕಳುಮರಿಗಳನ್ನು ಹೊರಡಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಪೆಟ್ರೋಲು ಸುಟ್ಟುಕೊಂಡು ಹೋಗುವವರನ್ನು ನಾವು ಕೊಂಚ ಅನುಮಾನದಿಂದಲೇ ನೋಡುತ್ತೇವೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್‌ನಲ್ಲಿ ಮಾತ್ರ ಇದು ಸಂಭಾವಿತರ ಭಾನುವಾರದ ಕೆಲಸ. ಮಗಳ ಮನೆ ಆ ಕಡೆ ಇರುವುದರಿಂದ ಆ ಸಂಭಾವಿತರ ಸಾಲಿಗೆ ನಾನೂ ಸೇರಿದ್ದೇನೆ.

ಅವರು ಹೋಗುವ ಬಯಲಿನ ಹೆಸರು ಡಾರ್ಟ್‌ಮೂರ್. 1951ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು, ವಿಸ್ತೀರ್ಣ 954 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನವೆಂದರೆ ನಮಗೆ ಬಂಡೀಪುರ, ನಾಗರಹೊಳೆ: ಗೇಟು, ಟಿಕೇಟು, ಸಫಾರಿ ಜೀಪು, ನಿನ್ನೆ ಬಂದವರಿಗೆ ಕಂಡು ನಮಗೆ ಕಾಣದ ಹುಲಿ. ಡಾರ್ಟ್‌ಮೂರಿಗೆ ಗೇಟೂ ಇಲ್ಲ, ಹುಲಿಯೂ ಇಲ್ಲ. ಉದ್ಯಾನದ ಒಳಗೇ ಊರುಗಳಿವೆ, ಹೊಲಮನೆಗಳಿವೆ, ಪಬ್‌ಗಳಿವೆ. ನೆಪೋಲಿಯನ್ನನೊಂದಿಗೆ ನಡೆದ ಯುದ್ಧದ ಸೆರೆಯಾಳುಗಳನ್ನು ಇಡಲು 1809ರ ಹೊತ್ತಿಗೆ ಕಟ್ಟಿ ಮುಗಿಸಿದ ದೊಡ್ಡದೊಂದು ಜೈಲು ಕೂಡ ಇದೆ. ಉಳಿದದ್ದು ಮೂರ್: ಎತ್ತರದ ಬೋಳು ನೆಲ, ಒರಟು ಹುಲ್ಲು, ಆಗಸ್ಟ್ ಸುಮಾರಿಗೆ ನೇರಳೆ ಬಣ್ಣ ತಳೆಯುವ ಹೆದರ್ ಪೊದೆ, ಗಟ್ಟಿಯೆಂದು ನಂಬಿ ಕಾಲಿಟ್ಟರೆ ಮೊಣಕಾಲವರೆಗೆ ನುಂಗುವ ಜವುಗು. ಗುಡ್ಡಗಳ ನೆತ್ತಿಯ ಮೇಲೆ ಅಲ್ಲಲ್ಲಿ ಗ್ರಾನೈಟ್ ಬಂಡೆಗಳ ಪೇರಿಕೆ. ಅವಕ್ಕೆ ಟಾರ್ ಎನ್ನುತ್ತಾರೆ. ಕುದುರೆಮುಖದ ಹುಲ್ಲುಗುಡ್ಡಗಳನ್ನು ಕಂಡವರಿಗೆ ಇದು ತೀರ ಹೊಸದೆನಿಸದು. ಆದರೆ ಅಲ್ಲಿ ಕಣಿವೆಗಳಲ್ಲಿ ಶೋಲಾ ಕಾಡು ಕಣ್ಣಿಗೆ ಆಸರೆ ಕೊಡುತ್ತದೆ, ಇಲ್ಲಿ ಕಣ್ಣು ದಿಗಂತದವರೆಗೂ ಜಾರಿಕೊಂಡು ಹೋಗುತ್ತದೆ. ಇಲ್ಲೂ ಒಂದು ಕಾಲಕ್ಕೆ ಕಾಡಿತ್ತು. ಶಿಲಾಯುಗ, ಕಂಚಿನ ಯುಗಗಳ ಜನ ಅದನ್ನು ಕಡಿದು, ಸುಟ್ಟು, ದನಕುರಿ ಮೇಯಿಸಿ ಬೋಳು ಮಾಡಿದರು. ಆ ಬೋಳನ್ನು ಈಗ ಪ್ರಕೃತಿಯ ಸೊಬಗೆಂದು ಕಾನೂನು ಮಾಡಿ ಕಾಯುತ್ತಿದ್ದಾರೆ. ಮೂರು ನಾಲ್ಕು ಸಾವಿರ ವರ್ಷ ತಾಳ್ಮೆಯಿದ್ದರೆ ಎಂಥ ಹಾಳುಗೆಡವಿಕೆಗೂ ಗೌರವ ಬರುತ್ತದೆಯೆಂದು ಕಾಣುತ್ತದೆ.

ಇಂಥ ಕಡೆ ಮಕ್ಕಳಿಗೆ ಏನು ತೋರಿಸುವುದು? ಮೊದಲು ಹೇಟಾರ್. 457 ಮೀಟರ್ ಎತ್ತರ, ಕಾರು ನಿಲ್ಲಿಸುವ ಜಾಗದಿಂದ ಹತ್ತಿರ, ಐಸ್‌ಕ್ರೀಮ್ ವ್ಯಾನೂ ಬರುತ್ತದೆ. ಗಾಳಿ ಎಷ್ಟು ಬಲವಾಗಿದ್ದರೂ ಆ ವ್ಯಾನಿನ ಮುಂದಿನ ಸಾಲು ಕರಗುವುದಿಲ್ಲ. ಸ್ವೆಟರ್, ಮಳೆಯಂಗಿ, ಟೋಪಿ ತೊಟ್ಟು ನಡುಗುತ್ತಲೇ ಐಸ್‌ಕ್ರೀಮ್ ತಿನ್ನುವುದರಲ್ಲಿ ಆ ಜನಕ್ಕೆ ಏನೋ ಕರ್ತವ್ಯಪ್ರಜ್ಞೆ ಇದೆ. ಬಂಡೆ ಹತ್ತಿ ಇಳಿದ ಮೇಲೆ ಹುಲ್ಲಿನ ನಡುವೆ ಹುದುಗಿರುವ ಕಲ್ಲಿನ ಹಳಿಗಳನ್ನು ಹುಡುಕಬೇಕು. 1820ರಲ್ಲಿ ಇಲ್ಲಿಂದ ಗ್ರಾನೈಟ್ ಸಾಗಿಸಲು ಹಾಕಿದ ಬಂಡಿಹಾದಿ ಅದು. ಕಬ್ಬಿಣಕ್ಕೆ ಯಾಕೆ ದುಡ್ಡು ಹಾಕುವುದು, ಕಲ್ಲಿಗೇನು ಬರವೇ ಎಂದು ಹಳಿಯನ್ನೂ ಕಲ್ಲಿನಲ್ಲೇ ಕಡೆದುಬಿಟ್ಟಿದ್ದಾರೆ. ಹೊರೆ ಹೊತ್ತ ಬಂಡಿಗಳು ಇಳಿಜಾರಿನಲ್ಲಿ ತಾವೇ ಉರುಳಿ ಹೋಗುತ್ತಿದ್ದವು, ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆದು ತರುತ್ತಿದ್ದವು. 1831ರಲ್ಲಿ ತೆರೆದ ಲಂಡನ್ ಸೇತುವೆಗೆ ಈ ಕಲ್ಲು ಹೋಗಿತ್ತು. ಆ ಸೇತುವೆಯನ್ನು ಅಮೆರಿಕದವರು ಕೊಂಡು ಅರಿಜೋನಾದಲ್ಲಿ ಮತ್ತೆ ಕಟ್ಟಿಕೊಂಡದ್ದರಿಂದ ಡಾರ್ಟ್‌ಮೂರಿನ ಮಳೆಯಲ್ಲಿ ನೆನೆದ ಕಲ್ಲು ಈಗ ಮರುಭೂಮಿಯಲ್ಲಿ ಬಿಸಿಲು ಕಾಯುತ್ತಿದೆ.

ಆಮೇಲೆ ಕುದುರೆಗಳು. ಗಿಡ್ಡ ಕಾಲಿನ, ಕಣ್ಣು ಮುಚ್ಚುವಷ್ಟು ಜೂಲಿರುವ ಡಾರ್ಟ್‌ಮೂರ್ ಪೋನಿಗಳು ಬಯಲಿನ ತುಂಬ ಅಡ್ಡಾಡಿಕೊಂಡಿರುತ್ತವೆ. ಕಾಡುಕುದುರೆಗಳಂತೆ ಕಂಡರೂ ಪ್ರತಿಯೊಂದಕ್ಕೂ ಒಡೆಯನಿದ್ದಾನೆ. ಗೋಮಾಳದ ಹಕ್ಕಿನಂಥ ಹಳೆಯ ಹಕ್ಕಿನ ಮೇರೆಗೆ ಸುತ್ತಣ ರೈತರು ಅವುಗಳನ್ನು ಬಿಟ್ಟಿರುತ್ತಾರೆ, ಶರತ್ಕಾಲದಲ್ಲಿ ಅಟ್ಟಿ ತಂದು ಎಣಿಸಿ ವಿಂಗಡಿಸುತ್ತಾರೆ. ಅವಕ್ಕೆ ತಿನ್ನಲು ಕೊಡಕೂಡದೆಂದು ನಿಯಮವಿದೆ. ಕೊಟ್ಟರೆ ರಸ್ತೆಬದಿಗೆ ಬಂದು ನಿಂತು ಕಾರುಗಳಿಗೆ ಸಿಕ್ಕಿಬಿಡುತ್ತವೆ. ಈ ನಿಯಮ ಕುದುರೆಗಳಿಗೆ ಇನ್ನೂ ತಲುಪಿಲ್ಲ. ನಮ್ಮ ಪುಳಿಯೋಗರೆಯ ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ಒಂದು ಪೋನಿ ಬಂದು, ಮದುವೆಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುವವರ ಹಾಗೆ, ಅತ್ತ ನೋಡಿಯೂ ನೋಡದಂತೆ ಪಕ್ಕದಲ್ಲೇ ನಿಂತಿತು. "ಅಜ್ಜೀ, ಒಂದೇ ಒಂದು ಕಡಲೆಬೀಜ ಕೊಡಲೇ?" ಎಂದು ಮೊಮ್ಮಗಳು ಕೇಳಿದಳು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಆದರೆ ಇಲ್ಲಿ ಬಂದವರು ನಾವು, ಮನೆ ಕುದುರೆಯದು. ಡಬ್ಬಿ ಮುಚ್ಚಿ ಕಾರಿನೊಳಗೆ ಕುಳಿತು ಉಂಡೆವು.

ನಿಜಕ್ಕೂ ಡಾರ್ಟ್‌ಮೂರಿನ ಜನರ ಜಾಣತನ ಕಾಣುವುದು ಅಂಚೆಪೆಟ್ಟಿಗೆಗಳಲ್ಲಿ. ಬಯಲಿನ ಉತ್ತರ ಭಾಗದ ನಟ್ಟನಡುವೆ ಕ್ರಾನ್‌ಮಿಯರ್ ಕೊಳವೆಂಬ ಸ್ಥಳವಿದೆ. ದಾರಿತೋರುಗನಾಗಿದ್ದ ಜೇಮ್ಸ್ ಪೆರಟ್ ಎಂಬವನು 1854ರಲ್ಲಿ ಅಲ್ಲೊಂದು ಬಾಟಲಿ ಇಟ್ಟ. ಅಷ್ಟು ದೂರ ಜವುಗು ತುಳಿದು ಬಂದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಿ ಹೋಗಲಿ ಎಂಬುದು ಅವನ ಲೆಕ್ಕ. ಕ್ರಮೇಣ ಜನ ತಮ್ಮ ವಿಳಾಸ ಬರೆದ ಕಾರ್ಡುಗಳನ್ನೇ ಬಿಟ್ಟು ಬರತೊಡಗಿದರು. ಮುಂದೆ ಬಂದವನು ಅದನ್ನು ಎತ್ತಿಕೊಂಡು ಹೋಗಿ ಅಂಚೆಗೆ ಹಾಕಬೇಕು. ಕಾರ್ಡು ಮನೆಗೆ ಯಾವಾಗ ತಲುಪುತ್ತದೆ ಎಂಬುದು ಮುಂದಿನ ಹುಚ್ಚ ಯಾವಾಗ ಬರುತ್ತಾನೆ ಎಂಬುದನ್ನು ಅವಲಂಬಿಸಿತ್ತು. ಇಂದು ಬಯಲಿನ ತುಂಬ ಬಂಡೆಯ ಬಿರುಕುಗಳಲ್ಲಿ, ಕಲ್ಲಿನ ಸಂದುಗಳಲ್ಲಿ ಲೆಕ್ಕವಿಲ್ಲದಷ್ಟು ಡಬ್ಬಿಗಳು ಅಡಗಿವೆ. ಒಳಗೊಂದು ರಬ್ಬರ್ ಮೊಹರು, ಒಂದು ಪುಟ್ಟ ಪುಸ್ತಕ. ಅಲ್ಲಿಯ ಮೊಹರನ್ನು ನಿಮ್ಮ ಪುಸ್ತಕಕ್ಕೆ, ನಿಮ್ಮ ಮೊಹರನ್ನು ಅಲ್ಲಿಯ ಪುಸ್ತಕಕ್ಕೆ ಒತ್ತಿ, ಡಬ್ಬಿಯನ್ನು ಇದ್ದಂತೆಯೇ ಬಚ್ಚಿಟ್ಟು ಬರಬೇಕು. ನೂರು ಹುಡುಕಿದವರಿಗೆ ಒಂದು ಸಂಘವೇ ಇದೆ. ನಡಿ ಎಂದರೆ ಕಾಲು ನೋವೆನ್ನುವ ಮಗು, ಆ ಬಂಡೆಯ ಹಿಂದೆ ಡಬ್ಬಿ ಇರಬಹುದು ಎಂದರೆ ಓಡುತ್ತದೆ. ನನ್ನಂಥವರು ಡಬ್ಬಿಯಲ್ಲಿ ಏನಿದೆಯೆಂದು ತಿಳಿದ ಮೇಲೆಯೂ ಹಿಂದೆಯೇ ಓಡುತ್ತಾರೆ. ಮೊಹರು ಎಂದರೆ ನಮ್ಮ ದೇಶದವರಿಗೆ ಸಾಮಾನ್ಯ ವಸ್ತುವಲ್ಲ. ಕಚೇರಿಯಲ್ಲಿ ಲಂಚವಿಲ್ಲದೆ, ಅರ್ಜಿಯಿಲ್ಲದೆ, ನಾಳೆ ಬನ್ನಿ ಎನ್ನಿಸಿಕೊಳ್ಳದೆ ನಾವೇ ಕೈಯಾರೆ ಒತ್ತಿಕೊಳ್ಳುವ ಸುಖವನ್ನು ಅಲ್ಲಿಯವರು ಬಲ್ಲರೋ ಇಲ್ಲವೋ.

ಮೂಲ ಪೆಟ್ಟಿಗೆಯಿರುವ ಕ್ರಾನ್‌ಮಿಯರ್‌ಗೆ ಹೋಗಬೇಕಾದರೆ ಇನ್ನೊಂದು ವಿಚಾರ ನೋಡಿಕೊಳ್ಳಬೇಕು. ಅದು ಸೈನ್ಯ ಗುಂಡು ಹಾರಿಸಿ ಅಭ್ಯಾಸ ಮಾಡುವ ಪ್ರದೇಶ. ಕೆಂಪು ಬಾವುಟ ಏರಿದ್ದರೆ ಒಳಗೆ ಹೋಗುವಂತಿಲ್ಲ. ನಾಳೆ ಮಳೆಯೇ ಎಂದು ಕೇಳುವ ಹಾಗೆಯೇ, ನಾಳೆ ಗುಂಡೇ ಎಂದೂ ವಿಚಾರಿಸಿಕೊಂಡು ಅಲ್ಲಿಯವರು ಮಕ್ಕಳೊಂದಿಗೆ ವಿಹಾರಕ್ಕೆ ಹೊರಡುತ್ತಾರೆ. ಇಷ್ಟೆಲ್ಲ ದಾಟಿ ತಲುಪಿದರೆ ಕೊಳದಲ್ಲಿ ನೀರೇ ಇಲ್ಲ! ಬರಿಯ ತಗ್ಗು. ಅದಕ್ಕೊಂದು ಕಥೆ. ಓಕ್‌ಹ್ಯಾಂಪ್ಟನ್ ಊರಿನ ಮೇಯರ್ ಒಬ್ಬ ಸತ್ತು ದೆವ್ವವಾಗಿ ಊರವರನ್ನು ಕಾಡಿದನಂತೆ. ಅವನನ್ನು ಹಿಡಿದು, ಈ ಕೊಳವನ್ನು ಜರಡಿಯಲ್ಲಿ ಮೊಗೆದು ಖಾಲಿ ಮಾಡೆಂದು ಶಿಕ್ಷೆ ಕೊಟ್ಟರು. ಅಲ್ಲಿಗೆ ಪೀಡೆ ಕಳೆಯಿತೆಂದು ಅವರ ಎಣಿಕೆ. ಬಹುಕಾಲ ಮೊಗೆದ ಮೇಲೆ ಬಯಲಲ್ಲಿ ಸತ್ತ ಕುರಿಯೊಂದು ಅವನ ಕಣ್ಣಿಗೆ ಬಿತ್ತು. ಅದರ ಚರ್ಮ ಸುಲಿದು ಜರಡಿಗೆ ಹಾಸಿ ಕೊಳವನ್ನು ಎತ್ತಿ ಸುರಿದೇ ಸುರಿದ. ಕೆಳಗಿನ ಓಕ್‌ಹ್ಯಾಂಪ್ಟನ್ ನೀರಿನಲ್ಲಿ ಮುಳುಗಿತು. ಪುರಸಭೆಯ ಅಧ್ಯಕ್ಷರಿಗೆ ಜೀವವಿರುವಾಗಲೇ ಇಂಥ ಬುದ್ಧಿ ಹೊಳೆದರೆ ಚೆನ್ನಾಗಿತ್ತು ಎಂದು ನನ್ನ ಅಳಿಯ ಹೇಳಿದ. ಅವನ ಊರಿನಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುತ್ತದೆ.

ದೆವ್ವ ಮುಗಿಯಿತೆಂದರೆ ಸೈತಾನ. ವಿಡಿಕಮ್ ಎಂಬ ಹಳ್ಳಿಯ ಚರ್ಚಿಗೆ 1638ರ ಅಕ್ಟೋಬರಿನ ಭಾನುವಾರವೊಂದು ಪ್ರಾರ್ಥನೆ ನಡೆಯುತ್ತಿರುವಾಗಲೇ ಸಿಡಿಲು ಹೊಡೆದು ಜನ ಸತ್ತದ್ದು ಚರಿತ್ರೆ. ಚರ್ಚಿನಲ್ಲಿ ನಿದ್ದೆ ಹೋದ ಇಸ್ಪೀಟುಗಾರನೊಬ್ಬನನ್ನು ಎತ್ತಿಕೊಂಡು ಹೋಗಲು ಸೈತಾನನೇ ಬಂದಿದ್ದ, ದಾರಿಯಲ್ಲಿ ಪಬ್ಬಿನಲ್ಲಿ ಬಿಯರ್ ಕುಡಿದಾಗ ಅವನ ಗಂಟಲಲ್ಲಿ ಚುಂಯ್ ಎಂದಿತು, ಅವನು ಕೊಟ್ಟ ದುಡ್ಡು ಒಣಗಿದ ಎಲೆಯಾಯಿತು ಎಂಬುದು ಕಥೆ. ಇಸ್ಪೀಟುಗಾರನ ಕೈಯಿಂದ ಜಾರಿದ ನಾಲ್ಕು ಎಕ್ಕಗಳು ಕಲ್ಲುಗೋಡೆಯ ನಾಲ್ಕು ಹೊಲಗಳಾಗಿ ಬಿದ್ದಿವೆಯೆಂದು ವಾರನ್ ಹೌಸ್ ಪಬ್ಬಿನ ಎದುರಿನ ಇಳಿಜಾರನ್ನು ತೋರಿಸುತ್ತಾರೆ. ಆ ಪಬ್ಬಿನ ಒಲೆ 1845ರಿಂದ ಆರಿಲ್ಲವಂತೆ. ಸೈತಾನನನ್ನು ಬೇಕಾದರೆ ನಂಬುತ್ತೇನೆ. ಅಷ್ಟು ವರ್ಷ ಯಾರೊಬ್ಬರೂ ಸೌದೆ ಹಾಕಲು ಮರೆಯಲಿಲ್ಲ ಎಂಬುದನ್ನು ನಂಬುವುದು ಕಷ್ಟ. ಒಲೆ ಉರಿಸಿ ಗೊತ್ತಿರುವವಳು ನಾನು.

ಕೆನೆ, ಜಾಮ್ ಸವರಿದ ಸ್ಕೋನ್ ತಿಂದು ಚಹಾ ಕುಡಿಯದೆ ಡೆವನ್‌ನಲ್ಲಿ ದಿನ ಮುಗಿಯುವುದಿಲ್ಲ. ಮೊದಲು ಕೆನೆ, ಮೇಲೆ ಜಾಮ್. ಪಕ್ಕದ ಕಾರ್ನ್‌ವಾಲ್‌ನಲ್ಲಿ ಇದು ತಿರುವುಮುರುವು, ಅದಕ್ಕಾಗಿ ಉಭಯತ್ರರೂ ಜಗಳಕ್ಕೆ ನಿಲ್ಲುತ್ತಾರೆ. ನಾನು ಎರಡನ್ನೂ ಕಲಸಿಬಿಟ್ಟೆ, ಯಾರೂ ಮಾತಾಡಲಿಲ್ಲ.

ಹೊಟ್ಟೆ ತುಂಬಿದ ಮೇಲೆ ನಿದ್ದೆ ಬರುವುದು ಸಹಜ. ಆದರೆ ಡಾರ್ಟ್‌ಮೂರಿನಲ್ಲಿ ನಿದ್ದೆ ಹೋಗುವುದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ವಿಷಯ. 1985ರ ಕಾಯ್ದೆಯೊಂದರ ಪ್ರಕಾರ ಈ ಬಯಲಿನಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಇಲ್ಲವೇ ಕುದುರೆಯ ಮೇಲೆ ಬಂದು ಹೊರಾಂಗಣ ವಿಹಾರ ಮಾಡಬಹುದು. ರಾತ್ರಿ ಗುಡಾರ ಹಾಕಿ ಮಲಗುವುದು ವಿಹಾರವೇ ಎಂದು ಅಲ್ಲಿಯ ಜಮೀನುದಾರರು ತಗಾದೆ ತೆಗೆದರು. ಅಲ್ಲವೆಂದು 2023ರ ಆರಂಭದಲ್ಲಿ ಒಂದು ನ್ಯಾಯಾಲಯ ಹೇಳಿತು, ಹೌದೆಂದು ಅದೇ ವರ್ಷ ಅದರ ಮೇಲಿನ ನ್ಯಾಯಾಲಯ ಹೇಳಿತು, 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೌದೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಮಧ್ಯಾಹ್ನದ ಊಟವಾದ ಮೇಲೆ ಚಾಪೆಯ ಮೇಲೆ ನಾವು ಮಾಡುತ್ತ ಬಂದದ್ದಕ್ಕೆ ಅಷ್ಟು ದೊಡ್ಡ ನ್ಯಾಯಪೀಠದ ಬೆಂಬಲ ಸಿಕ್ಕಿತೆಂದು ಇದನ್ನು ನನಗೆ ಓದಿ ಹೇಳಿದವನು ಅಳಿಯನೇ. ಹೇಳಿದವನು ಸೀಟನ್ನು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ. ಕಾಯ್ದೆಯಲ್ಲಿ ಕಾಲ್ನಡಿಗೆಯ ಮಾತಿದೆ, ಕುದುರೆಯ ಮಾತಿದೆ, ಕಾರಿನ ಮಾತೆಲ್ಲಿದೆ ಎಂದು ಕೇಳಬೇಕೆಂದುಕೊಂಡೆ. ಮರಳುವಾಗ ಕಾರು ಓಡಿಸಬೇಕಾದವನು ಅವನೇ ಎಂದು ನೆನಪಾಗಿ ಸುಮ್ಮನಾದೆ.