ಇಂಜಿನ್‌ಗೆ ಉಸಿರುಗಟ್ಟಿದೆಯಂತೆ!

ಕಾರು ಕಂಪನಿಗಳು ಒಂದು ಇಂಜಿನ್ ರೂಪಿಸಲು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತವೆ. ಸುಡುವ ಮರಳುಗಾಡಿನಲ್ಲಿ ಓಡಿಸಿ ನೋಡುತ್ತವೆ, ಹಿಮದಲ್ಲಿ ರಾತ್ರಿಯಿಡೀ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡುತ್ತವೆ, ಒಂದೇ ಒಂದು ಎಚ್‌ಪಿ (ಅಶ್ವಶಕ್ತಿ) ಜಾಸ್ತಿ ಸಿಕ್ಕರೂ ಜಾಹೀರಾತಿನಲ್ಲಿ ಡಂಗುರ ಸಾರುತ್ತವೆ. ಇಷ್ಟೆಲ್ಲ ಮಾಡಿಯೂ ಅಲ್ಲಿನ ಎಂಜಿನಿಯರುಗಳಿಗೆ ಹೊಳೆಯದೆ ಹೋದ ಸತ್ಯವನ್ನು ಆಕ್ಸೆಸರಿ ಅಂಗಡಿಯವರು ಬಾನೆಟ್ ಎತ್ತಿದ ಮರುಗಳಿಗೆಯೇ ಕಂಡುಹಿಡಿಯುತ್ತಾರೆ: “ಸಾರ್, ನಿಮ್ಮ ಇಂಜಿನ್‌ಗೆ ಉಸಿರೇ ಆಡ್ತಿಲ್ಲ.”

ಉಸಿರುಗಟ್ಟಿಸುತ್ತಿರುವ ಪಾಪಿ ಮೂಲೆಯಲ್ಲಿ ಕೂತ, ಇಂಜಿನ್‌ಗೆ ಹೋಗುವ ಗಾಳಿಯನ್ನು ಸೋಸುವ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ರೂಪವಿಲ್ಲ, ಹೊಳಪಿಲ್ಲ, ಮೈಮೇಲೆ ಒಂದು ಸ್ಟಿಕ್ಕರ್ ಕೂಡ ಇಲ್ಲ. ಅಪರಾಧ ಸಾಬೀತಾಗಲು ಇಷ್ಟು ಸಾಕು. ಡಬ್ಬಿಯನ್ನು ಕಿತ್ತು ಅದರ ಜಾಗಕ್ಕೆ ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಶಂಕುವಿನಾಕಾರದ ಫಿಲ್ಟರ್ ಕೂರಿಸಿದರೆ ‘ಕೋಲ್ಡ್ ಏರ್ ಇಂಟೇಕ್’ ಸಿದ್ಧ. ಕೆಂಪೋ ನೀಲಿಯೋ ಎಂಬುದಷ್ಟೇ ಗಿರಾಕಿಗೆ ಬಿಟ್ಟ ಕಠಿಣ ತಾಂತ್ರಿಕ ನಿರ್ಧಾರ.

ಕಿತ್ತೆಸೆದ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಅದರ ಮೂತಿ ಸಾಮಾನ್ಯವಾಗಿ ಗ್ರಿಲ್ಲಿನ ಹಿಂದಕ್ಕೋ ಮಡ್‌ಗಾರ್ಡಿನ ಒಳಕ್ಕೋ ಚಾಚಿಕೊಂಡಿರುತ್ತದೆ. ಅಂದರೆ ಅದು ಹೊರಗಿನ ತಣ್ಣನೆಯ ಗಾಳಿಯನ್ನೇ ಎಳೆಯುತ್ತಿತ್ತು. ಹೊಸದಾಗಿ ಬಂದ ಶಂಕುವಾದರೋ ಎಷ್ಟೋ ಕಾರುಗಳಲ್ಲಿ ರೇಡಿಯೇಟರಿನ ಹಿಂದೆ, ಕಾದ ಇಂಜಿನ್ನಿನ ಪಕ್ಕದಲ್ಲೇ ಬಾಯಿ ತೆರೆದು ಕೂರುತ್ತದೆ. ಗಾಳಿ ಸುಮಾರು 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇಕಡ 1ರಷ್ಟು ಇಳಿಯುತ್ತದೆ, ಇಂಧನ ಉರಿಯಲು ಬೇಕಾದ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ಟಿನ ಒಳಗಿನ ಶಾಖ ಎಷ್ಟಿರುತ್ತದೆಂದು ಕೈಯಿಟ್ಟು ನೋಡಿದವರಿಗೆ ಗೊತ್ತು. ಆದರೂ ಹೆಸರು ಕೋಲ್ಡ್ ಏರ್. ದುಡ್ಡು ಕೊಟ್ಟವರು ತಣ್ಣಗಿದ್ದರೆ ಸಾಕು ಬಿಡಿ.

ಹಾಗಾದರೆ ಹೊಸ ಇಂಟೇಕಿನ ಪೆಟ್ಟಿಗೆಯ ಮೇಲೆ ಅಚ್ಚಾದ ‘10 ಎಚ್‌ಪಿ ಹೆಚ್ಚು’ ಸುಳ್ಳೇ? ಛೆ ಛೆ, ಡೈನೋ ಎಂಬ ಶಕ್ತಿ ಅಳೆಯುವ ಯಂತ್ರದ ಮೇಲೆ ಅಳೆದದ್ದಂತೆ. ಬಾನೆಟ್ ಪೂರ್ತಿ ಎತ್ತಿ, ಆಳೆತ್ತರದ ಫ್ಯಾನನ್ನು ಎದುರಿಗೆ ಬಿಟ್ಟು, ಆಕ್ಸಿಲರೇಟರನ್ನು ತಳ ಮುಟ್ಟಿಸಿ, 6,000 ಆರ್‌ಪಿಎಂನ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) ಆಸುಪಾಸಿನಲ್ಲಿ ಒಂದು ಕ್ಷಣ ಮಿಂಚಿ ಮರೆಯಾದ ಅಂಕಿ. ನೀವೂ ಬಾನೆಟ್ ಎತ್ತಿಕೊಂಡು, ಫ್ಯಾನನ್ನು ಮುಂದೆ ತಳ್ಳಿಕೊಂಡು ಆಫೀಸಿಗೆ ಹೋಗುವವರಾದರೆ ಲಾಭ ಖಂಡಿತ.

ಉಳಿದವರ ಲೆಕ್ಕ ಬೇರೆ. 1.2 ಲೀಟರಿನ ಇಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿ ಎಳೆದೀತು, 2,000ದಲ್ಲಿ 1,200. ಊರೊಳಗಿನ ಓಡಾಟದಲ್ಲಿ ಅದೂ ಬೇಕಿಲ್ಲ, ಏಕೆಂದರೆ ಪೆಟ್ರೋಲ್ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೇ ತೆರೆಯುವ ಥ್ರಾಟಲ್ ಎಂಬ ಕದವೇ ಮುಕ್ಕಾಲು ಪಾಲು ಮುಚ್ಚಿಕೊಂಡು ಗಾಳಿಯನ್ನು ತಡೆಯುತ್ತಿರುತ್ತದೆ. ಮನೆ ಬಾಗಿಲು ಹಾಕಿಟ್ಟು ಕಾಂಪೌಂಡಿನ ಗೇಟು ಅಗಲ ಮಾಡಿಸಿದ ಹಾಗೆ.

ಮೈಲೇಜೂ ಏರುತ್ತದಂತೆ! ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಬೇಕೆಂದೇ ಗಾಳಿಯ ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡಿ ಕಾರುಗಳನ್ನು ಪರೀಕ್ಷಿಸಿದರು. ಈಗಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ, ಪಿಕಪ್ ಮಾತ್ರ ತಗ್ಗಿತು. ಮೂಗು ಕಟ್ಟಿದರೂ ಇಳಿಯದ ಮೈಲೇಜು ಮೂಗು ಅಗಲವಾದರೆ ಏರುತ್ತದೆಂದು ನಂಬಲು ಗಟ್ಟಿ ಭಕ್ತಿಯೇ ಬೇಕು.

ಗಾಳಿ ಸರಾಗವಾಗಿ ನುಗ್ಗಬೇಕೆಂದು ಕಣ್ಣು ದೊಡ್ಡದಾದ ಬಟ್ಟೆಯ ಫಿಲ್ಟರ್ ಹಾಕಿದರೆ ಧೂಳೂ ಸರಾಗವಾಗಿಯೇ ನುಗ್ಗುತ್ತದೆ. ಅದಕ್ಕೆ ಎಣ್ಣೆ ಹಚ್ಚಿ ಧೂಳು ಹಿಡಿಯಬೇಕು. ಕಡಿಮೆ ಹಚ್ಚಿದರೆ ಪಿಸ್ಟನ್ ರಿಂಗು ಸವೆಯುತ್ತದೆ. ಹೆಚ್ಚು ಹಚ್ಚಿದರೆ, ಬಂದ ಗಾಳಿಯನ್ನು ಅಳೆಯುವ ಸೆನ್ಸರಿನ ಕೂದಲೆಳೆಯಂಥ ತಂತಿಗೆ ಎಣ್ಣೆ ಮೆತ್ತಿ ಚೆಕ್ ಇಂಜಿನ್ ದೀಪ ಬೆಳಗುತ್ತದೆ. ಇನ್ನು ನಿಜವಾಗಿಯೂ ತಣ್ಣನೆಯ ಗಾಳಿಯೇ ಬೇಕೆನ್ನುವ ಹಟವಾದಿಗಳಿಗೆ ಬಂಪರಿನ ಕೆಳಗೆ ಇಳಿಬಿಡುವ ಉದ್ದ ಪೈಪೂ ಇದೆ. ಮಳೆಗಾಲದ ಒಂದು ಆಳದ ಗುಂಡಿ ಸಾಕು, ಅದು ಗಾಳಿಯ ಬದಲು ನೀರು ಹೀರುತ್ತದೆ. ನೀರನ್ನು ಅದುಮಲು ಪಿಸ್ಟನ್ನಿಗೆ ಸಾಧ್ಯವಿಲ್ಲ, ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಈ ಅನಾಹುತ ತಪ್ಪಿಸುವ ವಾಲ್ವೂ ಮಾರಾಟಕ್ಕಿದೆ, ಪ್ರತ್ಯೇಕ ಬೆಲೆಗೆ. ವ್ಯಾಪಾರ ಅಂದರೆ ಇದು.

(ರೇಸ್ ಟ್ರ್ಯಾಕಿನಲ್ಲಿ ಓಡಿಸುವವರು, ಟರ್ಬೊ ಒತ್ತಡ ಏರಿಸಿ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿಕೊಂಡವರು ಮುನಿಸಿಕೊಳ್ಳಬಾರದು. ನಿಮಗೆ ಇದು ನಿಜಕ್ಕೂ ಬೇಕು. ಆದರೆ ಕೊಳ್ಳುವವರಲ್ಲಿ ನಿಮ್ಮಂಥವರು ಎಷ್ಟು ಮಂದಿ?)

ಕೊಟ್ಟ ದುಡ್ಡಿಗೆ ಮೋಸವಿಲ್ಲದೆ ಸಿಗುವುದು ಸದ್ದು. ಕಂಪನಿಯವರು ಗಾಳಿ ಎಳೆಯುವ ಸದ್ದನ್ನು ನುಂಗಲೆಂದೇ ಆ ಡಬ್ಬಿಗೆ ಟೊಳ್ಳು ಕೋಣೆಯೊಂದನ್ನು ಅಂಟಿಸಿರುತ್ತಾರೆ, ರೆಸೊನೇಟರ್ ಅಂತ. ಡಬ್ಬಿಯ ಜೊತೆಗೆ ಅದೂ ಹೋಗುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಇಂಜಿನ್ ಗೊರ್ ಎಂದು ಅಬ್ಬರಿಸುತ್ತದೆ, ಮಾಲೀಕರಿಗೆ ರೋಮಾಂಚನವಾಗುತ್ತದೆ. ಮುಂದೆ ಹೋಗುತ್ತಿರುವ ಶಾಲಾ ವ್ಯಾನನ್ನು ಹಿಂದೆ ಹಾಕಲು ಮೊದಲಿನಷ್ಟೇ ಹೊತ್ತು ಬೇಕು, ಆದರೆ ಈಗ ಆ ಹೊತ್ತಿಗೆ ಹಿನ್ನೆಲೆ ಸಂಗೀತವಿದೆ.

ಸರ್ವೀಸಿನ ದಿನ ಹತ್ತಿರ ಬಂದಾಗ ವಾರಂಟಿಯ ನೆನಪಾಗುತ್ತದೆ. ಅಟ್ಟದ ಮೇಲಿದ್ದ ಕಪ್ಪು ಡಬ್ಬಿ ಇಳಿಯುತ್ತದೆ, ಹಿಂದಿನ ರಾತ್ರಿಯೇ ಗುಟ್ಟಾಗಿ ತನ್ನ ಜಾಗ ಸೇರುತ್ತದೆ. ಮಾರನೆಯ ದಿನ ಕಾರು ಸದ್ದಿಲ್ಲದೆ ಓಡುತ್ತದೆ. ಮಾಲೀಕರ ಮುಖ ಬಾಡಿರುತ್ತದೆ: “ನೋಡು, ಪಿಕಪ್ಪೇ ಸತ್ತುಹೋಯ್ತು!” ಸರಿ, ಎರಡನ್ನೂ ಒಂದೊಂದು ಸಲ ಹಾಕಿ ಸ್ಟಾಪ್‌ವಾಚ್ ಹಿಡಿದು ನೋಡೋಣವೇ ಎಂದರೆ ಮಾತ್ರ ಒಪ್ಪುವುದಿಲ್ಲ.

“ಅದೆಲ್ಲ ಅಳೆದು ಗೊತ್ತಾಗಲ್ಲ ಗುರು, ಫೀಲ್ ಆಗ್ಬೇಕು.”