ಋಣ ಅಷ್ಟೇ ಇತ್ತು ಅನ್ನೋ ಮೊದಲು

ಹೋದ ವರ್ಷ ಆಷಾಢದಲ್ಲಿ ಅಮ್ಮ ಫೋನ್ ಮಾಡಿ "ಕರಿಯ ಹೋಗ್ಬಿಟ್ಟ ಕಣೋ" ಅಂದಳು. ಕ್ಯಾನ್‌ಬೆರಾದಲ್ಲಿ ಆಗ ರಾತ್ರಿ ಹತ್ತು ಗಂಟೆ. ಮೈಸೂರಿನ ಸರಸ್ವತೀಪುರಂನಲ್ಲಿ, ನಮ್ಮ ಗೇಟಿನಿಂದ ಇಪ್ಪತ್ತು ಹೆಜ್ಜೆ ದಾಟುವಷ್ಟರಲ್ಲಿ, ನಮ್ಮ ಬೆಕ್ಕು ಕರಿಯ ಬೈಕಿಗೆ ಸಿಕ್ಕಿದ್ದ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅವಳೇ ನನಗೆ ಸಮಾಧಾನ ಹೇಳಿದಳು: "ಬಿಡು, ಅದರ ಋಣ ಅಷ್ಟೇ ಇತ್ತು."

ಆ ಮಾತು ಇವತ್ತಿಗೂ ಚುಚ್ಚುತ್ತೆ. ಕರಿಯನಿಗಿಂತ ಮುಂಚೆ ಮಲ್ಲಿಯನ್ನು ಬೀದಿನಾಯಿಗಳು ಅಟ್ಟಿಸಿಕೊಂಡು ಹೋಗಿ ಕೊಂದವು. ಅದಕ್ಕೂ ಮುಂಚೆ ಗುಂಡ ಒಂದು ರಾತ್ರಿ ಹೊರಗೆ ಹೋದವನು ಬರಲೇ ಇಲ್ಲ. ಮೂರು ಬೆಕ್ಕಿನ ಋಣವೂ ನಮ್ಮ ಗೇಟಿನ ಆಚೆಯೇ ತೀರಿತು. ಪ್ರತಿ ಸಲವೂ ಅತ್ತಿದ್ದೇವೆ, ಪ್ರತಿ ಸಲವೂ ಒಂದು ತಿಂಗಳೊಳಗೆ ಹೊಸ ಮರಿ ತಂದಿದ್ದೇವೆ. ಗೇಟು ಮಾತ್ರ ಇದ್ದ ಹಾಗೇ ಇದೆ.

ನಾನಿರೋದು ಕ್ಯಾನ್‌ಬೆರಾದ ಫೋರ್ಡ್ ಅನ್ನೋ ಬಡಾವಣೆಯಲ್ಲಿ. ಪಕ್ಕದಲ್ಲೇ ಮಲ್ಲಿಗನ್ಸ್ ಫ್ಲ್ಯಾಟ್ ಅನ್ನೋ ಕಾಡು. ಅದರ ಸುತ್ತ ನರಿ, ಬೆಕ್ಕು ಒಳಗೆ ನುಗ್ಗದ ಹಾಗೆ ಹನ್ನೊಂದು ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿದ್ದಾರೆ. ಆಸ್ಟ್ರೇಲಿಯಾದ ಮುಖ್ಯ ನೆಲದಿಂದ ಅಳಿದೇ ಹೋಗಿದ್ದ ಈಸ್ಟರ್ನ್ ಬೆಟಾಂಗ್ ಅನ್ನೋ ಪುಟ್ಟ ಪ್ರಾಣಿಯನ್ನು ಟಾಸ್ಮೇನಿಯಾದಿಂದ ತಂದು ಅಲ್ಲಿ ಸಾಕಿ ಬೆಳೆಸುತ್ತಿದ್ದಾರೆ. ಹಾಗಾಗಿ ನಮ್ಮ ಬಡಾವಣೆಯಲ್ಲಿ ಬೆಕ್ಕನ್ನು ಹೊರಗೆ ಬಿಡುವ ಹಾಗೇ ಇಲ್ಲ. 2022ರ ಜುಲೈ 1ರಿಂದೀಚೆಗೆ ಹುಟ್ಟಿದ ಬೆಕ್ಕಾದರೆ ಕ್ಯಾನ್‌ಬೆರಾದ ಯಾವ ಮೂಲೆಯಲ್ಲಿದ್ದರೂ ಇದೇ ನಿಯಮ. ಮನೆಯೊಳಗಿರಬೇಕು, ಇಲ್ಲ ಅಂದರೆ ಹಿತ್ತಿಲಲ್ಲಿ ಜಾಲರಿ ಗೂಡಿನಲ್ಲಿರಬೇಕು. ಮೊದಲು ನನಗೂ ಇದು ಕ್ರೂರ ಅನ್ನಿಸಿತ್ತು. ನಾಲ್ಕು ತಿಂಗಳು ಶನಿವಾರ ಭಾನುವಾರ ಕೂತು ನಾನೇ ಗೂಡು ಕಟ್ಟಿದೆ. ಅದರಲ್ಲಿರುವ ನಮ್ಮ ಬೆಕ್ಕು ಪುಟ್ಟಿಗೆ ಈಗ ಒಂಬತ್ತು ವರ್ಷ. ಮೈಸೂರಿನ ಮನೆಯಲ್ಲಿ ಒಂಬತ್ತು ವರ್ಷ ಬಾಳಿದ ಬೆಕ್ಕನ್ನು ನಾನು ಕಂಡಿಲ್ಲ.

ದಸರೆಗೆ ಊರಿಗೆ ಬಂದಾಗ ಹೊಸ ಮರಿ ಆಗಲೇ ಮನೆ ಸೇರಿತ್ತು. ಕೆಂಚ. ನಾನು ಬಂದ ಎರಡನೇ ದಿನ ಬೆಳಿಗ್ಗೆ ದಾಸವಾಳದ ಗಿಡದಿಂದ ಪಿಕಳಾರದ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅಮ್ಮನ ಕಾಲ ಬಳಿ ಇಟ್ಟ. ಇನ್ನೂ ಉಸಿರಾಡುತ್ತಿತ್ತು. ಅಂಗೈ ಮೇಲಿಟ್ಟುಕೊಂಡೆ. ರೆಕ್ಕೆ ಪೂರ್ತಿ ಬಂದಿರಲಿಲ್ಲ, ಕೊಕ್ಕಿನ ಅಂಚು ಇನ್ನೂ ಹಳದಿ. ಹತ್ತು ನಿಮಿಷದಲ್ಲಿ ತಣ್ಣಗಾಯಿತು. ಅವತ್ತೇ ಗ್ರಿಲ್ ಅಂಗಡಿಗೆ ಹೋದೆ.

ವೆಲ್ಡಿಂಗ್ ಮಾಡುವವರು ಮಂಡ್ಯ ಕಡೆಯವರು. "ಮೊಲಕ್ಕಾ ಸಾ, ಕೋಳಿಗಾ?" ಅಂದರು. ಬೆಕ್ಕಿಗೆ ಅಂದಾಗ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರೆ ಕೋಳಿ ಮೆಶ್ ಬ್ಯಾಡಿ. ನಾಯಿ ಎಳುದ್ರೆ ಕಿತ್ಕಂಡ್ ಬತ್ತದೆ" ಅಂದರು. ಎಷ್ಟು ಸರಿಯಾದ ಮಾತು! ಕ್ಯಾನ್‌ಬೆರಾದಲ್ಲಿ ಇದನ್ನು ತಿಳಿದುಕೊಳ್ಳೋಕೆ ನಾನು ಒಂದು ಸುರುಳಿ ಜಾಲರಿ ಹಾಳು ಮಾಡಿದ್ದೆ. ಹತ್ತಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರ. ಆಂಗಲ್ ಕಬ್ಬಿಣದ ಚೌಕಟ್ಟು, ಒಂದಿಂಚಿನ ವೆಲ್ಡ್ ಮೆಶ್, ಮೇಲೂ ಅದೇ ಮೆಶ್. ಬೆಕ್ಕು ಹತ್ತುವ ಪ್ರಾಣಿ, ಮೇಲೆ ಮುಚ್ಚದಿದ್ದರೆ ಕಟ್ಟಿದ್ದೇ ದಂಡ. ಬಾಗಿಲು ಎರಡು, ಒಂದಾದ ಮೇಲೊಂದು. ಒಂದನ್ನು ಹಾಕಿಕೊಂಡು ಇನ್ನೊಂದನ್ನು ತೆಗೆದರೆ ಕಾಲ ಸಂದಿಯಲ್ಲಿ ನುಸುಳಿ ಓಡುವುದಕ್ಕಾಗಲ್ಲ. ಅಡುಗೆಮನೆ ಕಿಟಕಿಯ ಎರಡು ಸರಳು ಕತ್ತರಿಸಿ ಅಲ್ಲಿಂದಲೇ ಗೂಡಿಗೆ ದಾರಿ ಬಿಟ್ಟೆವು. ಬೆಕ್ಕಿಗೆ ಎತ್ತರದಲ್ಲಿ ಕೂರಬೇಕು ಅನ್ನಿಸುತ್ತೆ, ಅದಕ್ಕೆ ಏರಿಳಿತವಾಗಿ ಮೂರು ಹಲಗೆ. ಉಗುರು ಕೆರೆಯಲು ಒಂದು ಕಂಬಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದೆ. ಬಾಂಡ್ಲಿಯಲ್ಲಿ ಮರಳು, ಕುಂಡದಲ್ಲಿ ಗರಿಕೆ. ಲಿಲ್ಲಿ ಜಾತಿಯ ಗಿಡ ಬೆಕ್ಕಿನ ಕಿಡ್ನಿಗೆ ವಿಷ, ಅದನ್ನು ಹತ್ತಿರ ಸೇರಿಸಲಿಲ್ಲ. ಸಿಮೆಂಟ್ ಶೀಟು ಏಪ್ರಿಲ್‌ನಲ್ಲಿ ಕಾದು ಒಲೆಯಾಗುತ್ತೆ ಅಂತ ಅರ್ಧ ಭಾಗಕ್ಕೆ ಹಳೇ ಮಂಗಳೂರು ಹೆಂಚು ಹೊದಿಸಿದೆವು. ಉಳಿದರ್ಧದ ಮೇಲೆ ನುಗ್ಗೆಮರದ ನೆರಳು. ಮೂರೇ ದಿನದಲ್ಲಿ ಕೆಲಸ ಮುಗಿಯಿತು. ಅಂಥ ಕೈ ಕ್ಯಾನ್‌ಬೆರಾದಲ್ಲಿ ನನಗೆ ಸಿಕ್ಕಿರಲಿಲ್ಲ.

ಎದುರು ಮನೆ ಮೇಷ್ಟ್ರು ಗೇಟಿನಲ್ಲೇ ನಿಂತು, "ಏನಪ್ಪಾ, ಬೆಕ್ಕಿಗೂ ಜೈಲಾ?" ಅಂದರು. ಅಮ್ಮನೂ ಅವರ ಪಕ್ಷ. ಅವಳ ತವರು ಕೊಕ್ಕರೆ ಬೆಳ್ಳೂರು. "ನಮ್ಮೂರಲ್ಲಿ ಹೆಜ್ಜಾರ್ಲೆ, ಕೊಕ್ಕರೆ ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ತಾವೆ. ಬೆಕ್ಕೂ ಇದೆ, ನಾಯೀನೂ ಇದೆ. ಯಾರು ಯಾರಿಗೆ ಬೋನು ಮಾಡಿಸಿದ್ರು?" ಅಂದಳು. ಆ ಹಕ್ಕಿಗಳನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ನೋಡಿಕೊಳ್ಳುವ ಊರು ಅದು. ಆ ಊರಿನ ಮಗಳ ಮನೆ ಅಂಗಳದಲ್ಲಿ ಪಿಕಳಾರದ ಮರಿ ಸತ್ತರೆ ಅದಕ್ಕೂ ಋಣ ಅನ್ನುವುದಾ? ಬಾಣಂತನಕ್ಕೆ ಬಂದವಳಿಗೆ ಬಾಗಿಲು ಹಾಕಿದ ಕೋಣೆ ಕೊಡುತ್ತೇವೆ, ತಂಡಿ ಗಾಳಿ ಸೋಕಬಾರದು ಅಂತ ಕಿವಿಗೆ ಬಟ್ಟೆ ಕಟ್ಟುತ್ತೇವೆ. ಅದನ್ನು ಯಾರೂ ಜೈಲು ಅನ್ನುವುದಿಲ್ಲ. ನಮ್ಮ ಜನಕ್ಕೆ ಪ್ರಾಣಿ ಮೇಲೆ ಪ್ರೀತಿ ಕಡಿಮೆ ಅಂತ ನಾನು ಯಾವತ್ತೂ ಹೇಳಲಾರೆ. ಹಾಲು ಹಾಕುವುದಕ್ಕೆ ಮುಂದೆ, ಚುಚ್ಚುಮದ್ದು ಹಾಕಿಸುವುದಕ್ಕೆ, ಬಾಗಿಲು ಹಾಕುವುದಕ್ಕೆ ಹಿಂದೆ. ನನ್ನ ಸಿಟ್ಟು ಇದರ ಮೇಲೆ.

ಇನ್ನೊಂದನ್ನೂ ಹೇಳಬೇಕು. ಅಮ್ಮ ಮೊಣಕಾಲಿನ ಆಪರೇಷನ್‌ಗೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಾಗ ಕರಿಯ ಒಂದು ಹೊತ್ತೂ ಉಪವಾಸ ಇರಲಿಲ್ಲ. ಬೆಳಿಗ್ಗೆ ಮೇಷ್ಟ್ರ ಮನೆ ಮೊಸರನ್ನ, ಮಧ್ಯಾಹ್ನ ಹಿಂದಿನ ಮನೆಯವರ ಮೀನಿನ ತಲೆ, ರಾತ್ರಿ ಪ್ರೆಸ್ ಅಂಗಡಿಯವನ ಮಂಚ. ಒಂದೊಂದು ಮನೆಯಲ್ಲೂ ಅವನಿಗೆ ಒಂದೊಂದು ಹೆಸರು. ನಾವು ಊರಿಗೆ ಬಂದಾಗಲೆಲ್ಲ ಪುಟ್ಟಿಯನ್ನು ದುಡ್ಡು ಕೊಟ್ಟು ಬಿಟ್ಟು ಬರಬೇಕು. ಕ್ಯಾನ್‌ಬೆರಾದ ನಮ್ಮ ಬೀದಿಯಲ್ಲಿ ಅವಳ ಹೆಸರು ಗೊತ್ತಿರುವವರು ಯಾರೂ ಇಲ್ಲ. ಜಾಲರಿಯ ಆಚೆಯಿಂದ ಅವಳನ್ನು ಯಾರೂ ಕರೆದದ್ದಿಲ್ಲ.

ಹೋದ ವಾರ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಕೆಂಚ ಮೇಲಿನ ಹಲಗೆಯಲ್ಲಿ ಕಾಲು ಇಳಿಬಿಟ್ಟು ಮಲಗಿದ್ದ. ಅಮ್ಮ ಕಾಫಿ ಲೋಟ ಹಿಡಿದು ಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ದಿನಾ ಹತ್ತು ಗಂಟೆಗೆ ಮೇಷ್ಟ್ರು ಬಂದು ಎತ್ಕೊಂಡು ಹೋಗ್ತಾರೆ ಕಣೋ. ಅವರ ಮನೇಲಿ ಮೊಸರನ್ನ ತಿನ್ಸಿ, ಮತ್ತೆ ತಂದು ಬಿಡ್ತಾರೆ. ಚಿಲಕ ನಾನೇ ಹಾಕ್ತೀನಿ" ಅಂದಳು.

ಎತ್ತಿಕೊಂಡೇ ರಸ್ತೆ ದಾಟುತ್ತಾರಾ ಅಂತ ಕೇಳಿದೆ. ಹೌದು ಅಂದಳು. ನಾನು ಬೇಡ ಅನ್ನಲಿಲ್ಲ.