ಮುಳ್ಳು ನಡುಗಿದರೆ ಮೀಟರನ್ನೇ ಬದಲಿಸಬೇಕೇ?

ವಿಜಯಪುರದಲ್ಲಿ ಹಳೆಯ ಕಾರಿನ ಸ್ಪೀಡೋಮೀಟರ್ ಕೆಟ್ಟಿದೆ ಎಂದು ಯಾವ ಗ್ಯಾರೇಜಿಗೆ ಹೋದರೂ ನನಗೆ ಸಿಕ್ಕಿದ್ದು ಒಂದೇ ಉತ್ತರ: ‘ಮೀಟರ್ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ.’ ಬಾನೆಟ್ ಕೂಡ ಎತ್ತದೆ ಹೇಳುವ ಈ ಮಾತಿಗೆ ಮೈ ಉರಿಯುತ್ತದೆ.

ಇದು ಕೇಬಲ್ ಮೀಟರ್. ಗೇರ್‌ಬಾಕ್ಸ್‌ನಿಂದ ಬರುವ ಕೇಬಲ್ ತಿರುಗಿದರೆ ಮೀಟರಿನೊಳಗಿನ ಅಯಸ್ಕಾಂತ ತಿರುಗುತ್ತದೆ, ಅದರ ಸೆಳೆತಕ್ಕೆ ಮುಳ್ಳು ಏಳುತ್ತದೆ. ಮುಳ್ಳು 40ರಿಂದ 60ರ ನಡುವೆ ಕುಣಿಯುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಕೇಬಲಿನ ಮೇಲೆ. ಒಳಗೆ ಗ್ರೀಸ್ ಒಣಗಿರಬಹುದು, ಎಲ್ಲಾದರೂ ಮಡಚಿಕೊಂಡಿರಬಹುದು. ಮುಳ್ಳೂ ಕಿಲೋಮೀಟರ್ ಅಂಕಿಗಳೂ ಒಟ್ಟಿಗೇ ನಿಂತಿದ್ದರೆ ಕೇಬಲ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ಏಳದಿದ್ದರೆ ಆಗ ಮೀಟರನ್ನು ದೂರಲಿ, ಒಪ್ಪುತ್ತೇನೆ.

ಕೇಬಲ್ ಬಿಚ್ಚಿ ಒಂದು ತುದಿಯನ್ನು ಬೆರಳಿನಿಂದ ತಿರುಗಿಸಿ, ಇನ್ನೊಂದು ತುದಿ ತಿರುಗುತ್ತದೆಯೇ ಎಂದು ನೋಡಲು ಎಷ್ಟು ಹೊತ್ತು ಬೇಕು? ಹಟ ಹಿಡಿದು ಬಿಚ್ಚಿಸಿದೆ. ಕೇಬಲ್ ತುದಿಯ ಚೌಕ ಸವೆದು ದುಂಡಗಾಗಿತ್ತು. ಮೀಟರಿಗೆ ಏನೂ ಆಗಿರಲಿಲ್ಲ. ಸೊಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ವೇಗವೇ ತಿಳಿಯದೆ ಓಡಿಸುವ ಆತಂಕ ಇವರಿಗೇನು ಗೊತ್ತು! ಹಳೆಯ ಕಾರಿನವರ ದುಡ್ಡೇನು ಬಿಟ್ಟಿ ಬಂದಿದೆಯೇ?